ಕುಡಿಯುವ ನೀರು, ಮುದ್ದೆಯ ನೀರು: ನನ್ನ ಪ್ರಾಜೆಕ್ಟಿನ ಸಿದ್ಧತೆಯ ದಿನಗಳು

ಎಂ.ಎಸ್ಸಿ. ರಸಾಯನಶಾಸ್ತ್ರದ ಮೂರನೇ ಸೆಮಿಸ್ಟರಿನ ಪರೀಕ್ಷೆ ಮುಗಿದ ವಾರದಲ್ಲೇ, ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯವನ್ನೂ ಸಿನಾಪ್ಸಿಸನ್ನೂ (ಮಾಡಲಿರುವ ಕೆಲಸದ ಕಿರು ರೂಪರೇಖೆ) ಹದಿನೈದು ದಿನಗಳೊಳಗೆ ಕೊಡಬೇಕೆಂಬ ಸೂಚನೆ ನಮ್ಮ ವಿಭಾಗದ ಫಲಕದಲ್ಲಿ ಬಂತು. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಔಷಧ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಹುಡುಕುತ್ತಿದ್ದರು. ನಾನು ದಾವಣಗೆರೆಯಲ್ಲೇ ಉಳಿದು ಜಗಳೂರು ತಾಲ್ಲೂಕಿನ ನೀರಿನ ಮೇಲೆ ಕೆಲಸ ಮಾಡುವುದೆಂದು ಸೂಚನೆ ಬರುವ ಮೊದಲೇ ನಿಶ್ಚಯಿಸಿದ್ದೆ. ಅದಕ್ಕೆ ಕಾರಣ ನಮ್ಮ ತಾಯಿ. ಅವರ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆಗಳಿವೆ, ಅವರ ಒಡಹುಟ್ಟಿದವರೆಲ್ಲರಿಗೂ ಇವೆ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಫ್ಲೋರೈಡ್ ಅತಿಯಾಗಿರುವ ನೀರನ್ನು ಕುಡಿದವರಿಗೆ ಬರುವ ದಂತ ಫ್ಲೋರೋಸಿಸ್ ಇದೆಂದು ದಂತವೈದ್ಯರು ಹೇಳಿದ್ದಾರೆ. ಒಮ್ಮೆ ಬಂದ ಗೆರೆ ಉಜ್ಜಿದರೆ ಹೋಗುವುದಿಲ್ಲ. ಅಮ್ಮ ಮದುವೆಯಾಗಿ ದಾವಣಗೆರೆಗೆ ಬಂದು ಮೂವತ್ತು ವರ್ಷಗಳ ಮೇಲಾದರೂ ಹೊಸಬರ ಎದುರು ಬಾಯಿ ತೆರೆದು ನಗುವುದಿಲ್ಲ.

ನಾನು ಮೊದಲು ಬರೆದುಕೊಂಡು ಹೋದ ಶೀರ್ಷಿಕೆ ‘ಜಗಳೂರು ತಾಲ್ಲೂಕಿನ ಅಂತರ್ಜಲದ ಗುಣಮಟ್ಟ: ಒಂದು ಅಧ್ಯಯನ’ ಎಂದಿತ್ತು. ಮಾರ್ಗದರ್ಶಕರು ಅದನ್ನು ಓದಿ, ಒಳ್ಳೆಯದು ಕೆಟ್ಟದ್ದು ಎಂದು ಏನನ್ನೂ ಹೇಳದೆ ಒಂದು ಬಿಳಿ ಹಾಳೆಯನ್ನು ನನ್ನ ಮುಂದಿಟ್ಟರು. “ನೋಡಮ್ಮ, ಎಷ್ಟು ಬೋರ್‌ವೆಲ್, ಎಷ್ಟು ಬಾಟಲಿ, ಎಷ್ಟು ದಿನ, ಇಷ್ಟನ್ನು ಇದರಲ್ಲಿ ಬರಿ. ಶೀರ್ಷಿಕೆ ಆಮೇಲೆ ತಾನಾಗಿ ಬರುತ್ತದೆ” ಎಂದರು. ಪ್ರತಿ ಗ್ರಾಮ ಪಂಚಾಯಿತಿಯಿಂದ ಐದು ಕೊಳವೆಬಾವಿ ಎಂದು ಬರೆಯತೊಡಗಿದೆ. ಒಂದೊಂದು ನೀರಿನಲ್ಲಿಯೂ ಗಡಸುತನ, ಕ್ಷಾರೀಯತೆ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ಮುಂತಾದ ಹತ್ತು ಅಂಶಗಳನ್ನು ನೋಡಬೇಕು, ಪ್ರತಿ ಅಂಶವನ್ನೂ ಮೂರು ಸಲ ಅಳೆಯಬೇಕು. ಕೂಡುತ್ತ ಹೋದಂತೆ ಲೆಕ್ಕ ಸಾವಿರಗಳಿಗೆ ಏರಿತು. ದ್ರಾವಣದ ಬಣ್ಣದ ಗಾಢತೆಯನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಒಂದೇ, ಅದನ್ನು ಬಳಸಬೇಕಾದವರು ಹನ್ನೊಂದು ಮಂದಿ, ಸೆಮಿಸ್ಟರ್ ಇದ್ದದ್ದು ನಾಲ್ಕೇ ತಿಂಗಳು. ಹಾಳೆಯ ಕೊನೆಗೆ ಬರುವಷ್ಟರಲ್ಲಿ ಒಂಬತ್ತು ಅಂಶಗಳನ್ನು ನಾನೇ ಹೊಡೆದು ಹಾಕಿ ಫ್ಲೋರೈಡ್ ಒಂದನ್ನೇ ಉಳಿಸಿಕೊಂಡಿದ್ದೆ. ಪ್ರಾಜೆಕ್ಟಿನ ಸಿದ್ಧತೆಯಲ್ಲಿ ನಾನು ಕಲಿತ ಮೊದಲ ಕೆಲಸ ಈ ಲೆಕ್ಕ. ವಿಷಯ ಆರಿಸುವಾಗ ಪುಸ್ತಕದ ಮುಂದೆ ಕೂರುವುದಕ್ಕಿಂತ ಮೊದಲು ಬಾಟಲಿಗಳನ್ನು ಎಣಿಸಬೇಕೆಂದು ಕಿರಿಯ ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಹೇಳುತ್ತೇನೆ.

ಆಮೇಲಿನ ಮೂರು ವಾರ ಓದಿನಲ್ಲಿ ಕಳೆಯಿತು. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನೆಲ್ಲೂರಿನಿಂದ. ಅಂದಿನಿಂದ ಇಂದಿನವರೆಗೆ ಈ ವಿಷಯದ ಮೇಲೆ ಬಂದಿರುವ ಬರಹ ರಾಶಿರಾಶಿಯಾಗಿದೆ. ನಮ್ಮ ಭಾಗದ ಹಳೆಯ ಮಾಹಿತಿಯನ್ನು ಹುಡುಕುವಾಗ ಒಂದು ತೊಡಕು ಎದುರಾಯಿತು. ದಾವಣಗೆರೆ ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ ಜಗಳೂರಿನ ಹಳೆಯ ಅಂಕಿಗಳು ಸಿಗುತ್ತಲೇ ಇರಲಿಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಜಗಳೂರು, ಹರಿಹರ ಮತ್ತು ದಾವಣಗೆರೆ ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಇದು ಗೊತ್ತಿದ್ದ ಸಂಗತಿಯೇ ಆದರೂ ಗ್ರಂಥಾಲಯದಲ್ಲಿ ಕುಳಿತಾಗ ಹೊಳೆಯಲಿಲ್ಲ. ಚಿತ್ರದುರ್ಗದ ಹೆಸರಿನಲ್ಲಿ ಹುಡುಕಲು ಆರಂಭಿಸಿದ ದಿನವೇ ಬೇಕಾದ ವರದಿಗಳು ಕೈಗೆ ಬಂದವು. ಕೇಂದ್ರ ಅಂತರ್ಜಲ ಮಂಡಳಿಯ ಜಿಲ್ಲಾವಾರು ಕಿರುಪುಸ್ತಕಗಳನ್ನೂ ಎರಡೂ ಜಿಲ್ಲೆಗಳಿಗೆ ತರಿಸಿಕೊಂಡು ಓದಿದೆ.

ಓದಿದಂತೆಲ್ಲ ಅಮ್ಮನ ತವರಿನ ನೀರು ಯಾಕೆ ಹಾಗಿದೆ ಎಂಬುದು ಸ್ಪಷ್ಟವಾಗತೊಡಗಿತು. ನಮ್ಮ ಬಯಲುಸೀಮೆಯ ನೆಲದಡಿ ಇರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಯೋಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್‌ನಂತಹ ಖನಿಜಗಳಿರುತ್ತವೆ. ಮಳೆ ಕಡಿಮೆಯಾಗಿ, ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಕ್ಷಾರೀಯವಾದಂತೆ ಆ ಖನಿಜಗಳಲ್ಲಿರುವ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಹಾಗೂ ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ ಕರಗಿಯೇ ಉಳಿಯುತ್ತದೆ. ಆದ್ದರಿಂದ ನಾಲಿಗೆಗೆ ಸವಳಾಗಿರುವ ನೀರಿನಲ್ಲೆಲ್ಲ ಫ್ಲೋರೈಡ್ ಇರಲೇಬೇಕೆಂದಿಲ್ಲ, ಸಿಹಿಯೆನಿಸುವ ನೀರಿನಲ್ಲಿ ಇರಬಾರದೆಂದೂ ಇಲ್ಲ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಈ ಎರಡು ಸಂಖ್ಯೆಗಳನ್ನು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ.

ಸಿನಾಪ್ಸಿಸ್ ಒಪ್ಪಿಗೆಯಾಯಿತು. ಪಂಚಾಯಿತಿಗೆ ಕೊಡಬೇಕಾದ ಪತ್ರಕ್ಕೆ ವಿಭಾಗದ ಮೊಹರು ಬಿತ್ತು. ಆ ಕೆಲಸಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಹೇಳಬೇಕಾದದ್ದು ಪ್ರಯೋಗಾಲಯದ ವಿಷಯ. ಫ್ಲೋರೈಡ್ ಅಳೆಯಲು ಅಯಾನು ಎಲೆಕ್ಟ್ರೋಡ್ ಬಳಸುವ ವಿಧಾನವೊಂದು, ಸ್ಪ್ಯಾಡ್ನ್ಸ್ ಎಂಬ ಬಣ್ಣವನ್ನು ಬಳಸುವ ವಿಧಾನ ಇನ್ನೊಂದು. ನಮ್ಮಲ್ಲಿ ಸಾಧ್ಯವಿದ್ದದ್ದು ಎರಡನೆಯದು. ಜಿರ್ಕೋನಿಯಂ ಮತ್ತು ಆ ಬಣ್ಣ ಕೂಡಿದ ಕೆಂಪು ದ್ರಾವಣಕ್ಕೆ ಫ್ಲೋರೈಡ್ ಇರುವ ನೀರನ್ನು ಸೇರಿಸಿದರೆ ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಕೆಂಪು ತಿಳಿಯಾಗುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಕಡಿಮೆ. ಆ ಬಣ್ಣವನ್ನು 570 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದು, ಗೊತ್ತಿರುವ ಪ್ರಮಾಣದ ದ್ರಾವಣಗಳೊಂದಿಗೆ ಹೋಲಿಸಬೇಕು. ಗೊತ್ತಿರುವ ದ್ರಾವಣವನ್ನು ಮಾಡಲು 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ಮೂಲ ದ್ರಾವಣ ಸಿಗುತ್ತದೆ. ಅದನ್ನು ತೆಳುವಾಗಿಸುತ್ತ ಹೋಗಬೇಕು. ಈ ವಿಧಾನ ನೇರವಾಗಿ ಅಳೆಯಬಲ್ಲದ್ದು ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ, ಅದಕ್ಕಿಂತ ಹೆಚ್ಚಿದ್ದರೆ ನೀರನ್ನೂ ತೆಳುವಾಗಿಸಿ ಅಳೆದು ಗುಣಿಸಿಕೊಳ್ಳಬೇಕು. ಕೈ ಪಳಗಲು ನನಗೆ ಎರಡು ವಾರ ಹಿಡಿಯಿತು. ಗ್ರಾಫಿನ ಮೇಲೆ ಚುಕ್ಕಿಗಳು ಒಂದೇ ಗೆರೆಯಲ್ಲಿ ಇಳಿದು ಬರಬೇಕು. ನನ್ನವು ಮೊದಲ ವಾರ ಹಾಗೆ ಬರಲಿಲ್ಲ. ದ್ರಾವಣಗಳನ್ನು ಒಂದು ಕಡೆ, ನೀರಿನ ಬಾಟಲಿಗಳನ್ನು ಕಿಟಕಿಯ ಬಿಸಿಲಿನಲ್ಲಿ ಇಟ್ಟಿದ್ದೇ ಅದಕ್ಕೆ ಕಾರಣವೆಂದು ಮಾರ್ಗದರ್ಶಕರು ತೋರಿಸಿಕೊಟ್ಟರು. ಎರಡೂ ಒಂದೇ ಉಷ್ಣತೆಯಲ್ಲಿರಬೇಕಿತ್ತು.

ಬಾಟಲಿಗಳ ವಿಷಯದಲ್ಲಿ ಅವರು ಕಟ್ಟುನಿಟ್ಟಾಗಿದ್ದರು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಗಾಜಿನ ಬಾಟಲಿ ಕೂಡದು, ಪಾಲಿಥೀನ್ ಆಗಬೇಕು, ತುಂಬುವ ಮುನ್ನ ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ನಾನು ಇವನ್ನೆಲ್ಲ ಪಾಲಿಸಿದೆ, ಆದರೆ ಬಾಟಲಿಗಳ ಮೇಲಿನ ಹೆಸರಿನ ಚೀಟಿಗಳನ್ನು ಸಾಧಾರಣ ಪೆನ್ನಿನಲ್ಲಿ ಬರೆದೆ. ಶಿವರಾತ್ರಿ ಕಳೆದ ಮೇಲೆ ಅಜ್ಜಿಯ ಊರಿಗೆ ಹೋಗಿ ಪ್ರಯೋಗಾರ್ಥವಾಗಿ ತಂದ ಹತ್ತು ಬಾಟಲಿಗಳಲ್ಲಿ ನಾಲ್ಕರ ಬರಹ, ಬಿಳಿಚೋಡು ದಾಟಿ ದಾವಣಗೆರೆ ಸೇರುವಷ್ಟರಲ್ಲಿ ಒದ್ದೆಯಾಗಿ ಅಳಿಸಿಹೋಗಿತ್ತು. ಯಾವ ನೀರು ಯಾವ ಬೋರಿನದೆಂದು ತಿಳಿಯದ ಬಾಟಲಿಯನ್ನು ಚೆಲ್ಲದೆ ಬೇರೆ ದಾರಿಯಿಲ್ಲ. ನಾಲ್ಕನ್ನೂ ಚೆಲ್ಲಿದೆ. ಅಂದಿನಿಂದ ಅಳಿಸದ ಮಾರ್ಕರಿನಲ್ಲಿ ಬಾಟಲಿಯ ಮೈಮೇಲೊಂದು, ಮುಚ್ಚಳದ ಮೇಲೊಂದು, ಪುಸ್ತಕದಲ್ಲೊಂದು, ಹೀಗೆ ಮೂರು ಕಡೆ ಬರೆಯುವುದನ್ನು ರೂಢಿಸಿಕೊಂಡೆ.

ಉಳಿದ ಆರು ಬಾಟಲಿಗಳು ಇನ್ನೂ ದೊಡ್ಡ ಪಾಠವನ್ನು ಇಟ್ಟುಕೊಂಡಿದ್ದವು. ಒಂದೇ ಬೋರಿನ ನೀರನ್ನು ನಾನು ಎರಡು ಕಡೆ ಹಿಡಿದಿದ್ದೆ: ಬೋರಿನ ಬಾಯಲ್ಲೊಮ್ಮೆ, ಅದೇ ನೀರು ತುಂಬುವ ಊರ ನಡುವಿನ ತೊಂಬೆಯ ನಲ್ಲಿಯಲ್ಲೊಮ್ಮೆ. ಎರಡೂ ಒಂದೇ ಅಂಕಿ ಕೊಡಬೇಕು. ತೊಂಬೆಯ ನೀರು ಬೋರಿನ ನೀರಿನ ಎರಡು ಪಟ್ಟಿಗಿಂತ ಹೆಚ್ಚು ಫ್ಲೋರೈಡ್ ತೋರಿಸಿತು. ಮತ್ತೆ ಅಳೆದೆ, ಅದೇ ಬಂತು. ತೊಂಬೆಯ ಸಿಮೆಂಟಿನಿಂದ ಫ್ಲೋರೈಡ್ ಬರುತ್ತಿರಬಹುದೇ ಎಂದು ಒಂದು ದಿನವಿಡೀ ಅದನ್ನೇ ಹುಡುಕಿದೆ. ಒಂದು ಹೊಸ ಸಂಗತಿ ನನ್ನ ಕೈಗೆ ಸಿಕ್ಕಿದೆಯೆಂಬ ಆಸೆಯೂ ಆ ದಿನ ಮನಸ್ಸಿನಲ್ಲಿ ಮೂಡಿತ್ತು. ಮಾರ್ಗದರ್ಶಕರು ನನ್ನ ಪುಸ್ತಕವನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: “ತೊಂಬೆಗೆ ಬ್ಲೀಚಿಂಗ್ ಪುಡಿ ಯಾವಾಗ ಹಾಕಿದ್ದರು?” ನನಗೆ ಗೊತ್ತಿರಲಿಲ್ಲ. ನೀರುಗಂಟಿಗೆ ಫೋನ್ ಮಾಡಿದೆ. “ನೀವು ಬಂದ ದಿನ ಬೆಳಿಗ್ಗೇನೆ ಹಾಕಿದ್ದೆ ಕಣ್ರೀ ಮೇಡಂ” ಎಂದರು. ಬ್ಲೀಚಿಂಗ್ ಪುಡಿಯಿಂದ ನೀರಿನಲ್ಲಿ ಉಳಿಯುವ ಕ್ಲೋರಿನ್ ಕೂಡ ಆ ಕೆಂಪು ಬಣ್ಣವನ್ನು ತಿಳಿಯಾಗಿಸುತ್ತದೆ. ಉಪಕರಣ ಬಣ್ಣವನ್ನಷ್ಟೇ ನೋಡುತ್ತದೆ, ಬಣ್ಣ ಯಾರಿಂದ ಕಡಿಮೆಯಾಯಿತು ಎಂಬುದನ್ನು ಅದು ತಿಳಿಯಲಾರದು. ಅಳೆಯುವ ಮೊದಲು ಒಂದೆರಡು ಹನಿ ಸೋಡಿಯಂ ಆರ್ಸೆನೈಟ್ ಹಾಕಿ ಕ್ಲೋರಿನ್ನನ್ನು ತೆಗೆಯಬೇಕೆಂದು ವಿಧಾನದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಆ ಸಾಲನ್ನು ಓದಿದ್ದೆ, ಹಳ್ಳಿಯ ಬೋರಿನ ನೀರಿಗೆ ಅದು ಅನ್ವಯಿಸದೆಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ. ಆರ್ಸೆನೈಟ್ ವಿಷ, ಅದನ್ನು ಬಳಸುವ, ಬೀಗದಲ್ಲಿಡುವ, ವಿಲೇವಾರಿ ಮಾಡುವ ಕ್ರಮವನ್ನು ಬೇರೆಯಾಗಿ ಕಲಿತು, ತೊಂಬೆಯ ನೀರನ್ನು ಮತ್ತೆ ಅಳೆದಾಗ ಎರಡು ಅಂಕಿಗಳೂ ಹತ್ತಿರ ಬಂದವು. ನನ್ನ ನಮೂನೆ ಹಾಳೆಯಲ್ಲಿ ‘ಬ್ಲೀಚಿಂಗ್ ಪುಡಿ ಹಾಕಿದ ದಿನ ಮತ್ತು ಸಮಯ’ ಎಂಬ ಅಂಕಣ ಸೇರಿತು. ಪ್ರಾಯೋಗಿಕ ಸುತ್ತನ್ನು ಬಿಟ್ಟು ನೇರವಾಗಿ ಕೆಲಸಕ್ಕೆ ಇಳಿದಿದ್ದರೆ ಆ ಅಂಕಿಯನ್ನು ನಾನು ಪ್ರಬಂಧದಲ್ಲಿ ಬರೆದುಬಿಡುತ್ತಿದ್ದೆ, ಒಂದು ಊರಿನ ನೀರಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತಿತ್ತು.

ಇಷ್ಟಾದರೂ ನನ್ನ ಅಧ್ಯಯನದ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ ಎಂಬುದು ಎರಡನೆಯ ಭೇಟಿಯಲ್ಲಿ ತಿಳಿಯಿತು. ಈಗ ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಜನ ಅದನ್ನು ಫಿಲ್ಟರ್ ನೀರು ಎನ್ನುತ್ತಾರೆ. ಸರಿಯಾಗಿ ನಡೆಯುವ ಘಟಕದ ಪೊರೆ ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾದರೆ ಕುಡಿಯುವವರಿಗೆ ಸಮಸ್ಯೆ ಮುಗಿದಿರಬೇಕಲ್ಲ ಎಂಬ ಊಹೆಯ ಮೇಲೆ ನಾನೊಂದು ಪ್ರಶ್ನಾವಳಿಯನ್ನು ತಯಾರಿಸಿದ್ದೆ. ಅದರ ಮೊದಲ ಪ್ರಶ್ನೆ ‘ನೀವು ಯಾವ ನೀರನ್ನು ಕುಡಿಯುತ್ತೀರಿ?’ ಎಂದಿತ್ತು. ಕೇಳಿದ ಎಂಟು ಮನೆಗಳಲ್ಲಿ ಏಳು ಮನೆಯವರು ಫಿಲ್ಟರ್ ನೀರು ಎಂದರು. ಮುಂದಿನ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತವು. ಘಟಕ ನೋಡಿಕೊಳ್ಳುವವರು ತಮ್ಮ ಟಿ.ಡಿ.ಎಸ್. ಮೀಟರನ್ನು ನೀರಿನಲ್ಲಿ ಅದ್ದಿ ಕಡಿಮೆ ಅಂಕಿಯನ್ನು ಹೆಮ್ಮೆಯಿಂದ ತೋರಿಸಿದರು. ಆ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಹಾಗೆಂದು ಅಲ್ಲಿ ವಾದಿಸುವುದು ಸರಿಯೆನಿಸಲಿಲ್ಲ. ಒಂದು ಬಾಟಲಿ ತುಂಬಿಸಿಕೊಂಡು ಬಂದೆ.

ಆ ಸಂಜೆ ಅಜ್ಜಿಯ ಅಡುಗೆಮನೆಯಲ್ಲಿ ಕುಳಿತು ಹಾಳೆಗಳನ್ನು ಜೋಡಿಸುತ್ತಿದ್ದೆ. ಅಜ್ಜಿ ಮುದ್ದೆಗೆ ಎಸರಿಡಲು ಮೂಲೆಯ ಹಂಡೆಯಿಂದ ನೀರು ಮೊಗೆದರು. ಕುಡಿಯುವ ನೀರಿನ ಕ್ಯಾನ್ ಅವರ ಪಕ್ಕದಲ್ಲೇ ಇತ್ತು. “ಅಜ್ಜಿ, ಮುದ್ದೆಗೆ ಫಿಲ್ಟರ್ ನೀರು ಹಾಕೋದಿಲ್ವಾ?” ಎಂದು ಕೇಳಿದೆ. “ಮುದ್ದಿಗೆ ಯಾಕವ್ವ ಅದು? ಕುಡಿಯಾಕೆ ಫಿಲ್ಟರ್ ನೀರು, ಬ್ಯಾಳಿ ಬೇಯಾಕೆ ಫಿಲ್ಟರ್ ನೀರು, ಮುದ್ದಿಗೆ ಬೋರಿನ ನೀರೇ. ಕುದ್ದು ಹೋಗ್ತೈತಲ್ಲ” ಎಂದರು. ಬೇಳೆಗೆ ಯಾಕೆ ಫಿಲ್ಟರ್ ನೀರೆಂದು ಕೇಳಿದ್ದಕ್ಕೆ, ಬೋರಿನ ನೀರಲ್ಲಿ ಬೇಳೆ ನುಣ್ಣಗೆ ಬೇಯುವುದಿಲ್ಲ, ಸೌದೆ ದಂಡ ಎಂದರು. ಅಜ್ಜಿಯ ಮಾತು ಸತ್ಯ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನೊಂದಿಗೆ ಕೂಡಿ ಅದನ್ನು ಬಿಗಿಯಾಗಿಸುವುದರಿಂದ ಬೇಳೆ ಬೇಯಲು ತಡವಾಗುತ್ತದೆ. ಆದರೆ ಕುದಿಸಿದರೆ ಎಲ್ಲ ಹೋಗುತ್ತದೆ ಎಂಬ ಮಾತು ಫ್ಲೋರೈಡಿನ ಮಟ್ಟಿಗೆ ನಿಜವಲ್ಲ. ಕ್ರಿಮಿಗಳು ಸಾಯುತ್ತವೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಮುದ್ದೆಗೆ ಇಟ್ಟ ಎಸರನ್ನು ಯಾರೂ ಬಸಿದು ಚೆಲ್ಲುವುದಿಲ್ಲ. ಹಿಟ್ಟು ಅದನ್ನೆಲ್ಲ ಹೀರಿಕೊಳ್ಳುತ್ತದೆ. ಸೊಪ್ಪು ಬೇಯಿಸಿ ಬಸಿದ ನೀರೇ ಬಸ್ಸಾರಾಗುತ್ತದೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರಿನ ನೀರು ಎಂದಿಟ್ಟುಕೊಂಡರೆ, ಮುದ್ದೆ ಸಾರುಗಳ ಮೂಲಕ ಒಬ್ಬರ ಹೊಟ್ಟೆಗೆ ದಿನಕ್ಕೆ ಒಂದು ಲೀಟರ್ ಸೇರಿದರೂ 3 ಮಿಲಿಗ್ರಾಂ ಆಯಿತು. ಲೀಟರಿಗೆ 1 ಮಿಲಿಗ್ರಾಂ ಇರುವ ನೀರನ್ನು ಮೂರು ಲೀಟರ್ ಕುಡಿದಾಗ ಸೇರುವಷ್ಟೇ ಅದು, ಫಿಲ್ಟರ್ ನೀರನ್ನು ಕುಡಿಯುತ್ತಿದ್ದಾಗಲೂ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಓದಿದ್ದ ಬರಹಗಳಲ್ಲಿ ಅಡುಗೆಯ ನೀರಿನ ಪ್ರಸ್ತಾಪ ಇರಲಿಲ್ಲವೆಂದಲ್ಲ, ಇತ್ತು. ಆದರೆ ಅದು ನನ್ನ ಅಜ್ಜಿಯ ಹಂಡೆ ಎಂದು ನನಗೆ ಕಂಡಿರಲಿಲ್ಲ. ಬಾಲ್ಯದಿಂದ ಪ್ರತಿ ಬೇಸಿಗೆ ರಜೆಯಲ್ಲೂ ಆ ಹಂಡೆಯ ನೀರಿನ ಮುದ್ದೆಯನ್ನೇ ನಾನು ಉಂಡಿದ್ದೇನೆ. ಬೆಳಿಗ್ಗೆ ಎದ್ದು ಪ್ರಶ್ನಾವಳಿಯ ಮೊದಲ ಪುಟವನ್ನು ಪೂರ್ತಿ ಹೊಡೆದು ಹಾಕಿದೆ. ‘ಯಾವ ನೀರು ಕುಡಿಯುತ್ತೀರಿ’ ಎಂಬುದರ ಜಾಗದಲ್ಲಿ ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಅಡುಗೆ ಮಾಡಿದಿರಿ, ಒಂದೊಂದಕ್ಕೂ ಯಾವ ಪಾತ್ರೆಯ ನೀರನ್ನು ಎಷ್ಟು ತಂಬಿಗೆ ಹಾಕಿದಿರಿ, ಉಂಡವರು ಎಷ್ಟು ಜನ ಎಂಬ ಪ್ರಶ್ನೆಗಳು ಬಂದವು.

ಮೊದಲು ಲೀಟರ್ ಎಂದು ಬರೆದಿದ್ದೆ. ಆ ಲೆಕ್ಕದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಪ್ರತಿ ಮನೆಯ ತಂಬಿಗೆಯೂ ಬೇರೆ ಅಳತೆಯದು, ಆದ್ದರಿಂದ ಒಂದು ಲೀಟರಿನ ಅಳತೆಯ ಜಗ್ಗನ್ನು ಒಯ್ದು ಆಯಾ ಮನೆಯ ತಂಬಿಗೆಯನ್ನೇ ಅಳೆದುಕೊಳ್ಳುವುದೆಂದು ಗೊತ್ತುಮಾಡಿಕೊಂಡೆ. ಅಕ್ಕಪಕ್ಕದ ಮೂರು ಮನೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಹಿಂದಿನ ದಿನ ಎರಡೇ ಮಾತಿನಲ್ಲಿ ಉತ್ತರಿಸಿದ್ದ ಹೆಂಗಸರು ಈಗ ಕುಳಿತು ಮಾತಾಡಿದರು. ಅಡುಗೆಯ ಬಗ್ಗೆ ಕೇಳಿದ್ದು ಅವರಿಗೆ ಬಲ್ಲ ವಿಷಯವಾಗಿತ್ತು. ಒಬ್ಬರು ತಮ್ಮ ಮನೆಯಲ್ಲಿ ಚಿಕ್ಕ ಮಗುವಿನ ಗಂಜಿಗೆ ಮಾತ್ರ ಫಿಲ್ಟರ್ ನೀರು ಎಂದರು. ಇನ್ನೊಬ್ಬರು ಹೊಲದ ಕೆಲಸದ ದಿನಗಳಲ್ಲಿ ಕ್ಯಾನ್ ತರಲು ಆಳಿಲ್ಲದೆ ಎಲ್ಲಕ್ಕೂ ಬೋರಿನ ನೀರೇ ಎಂದರು. ಎರಡಕ್ಕೂ ನನ್ನ ಹಾಳೆಯಲ್ಲಿ ಜಾಗ ಮಾಡಿದೆ. ಬೆಳಿಗ್ಗೆ ಎಂಟರೊಳಗೆ ಹೋದರೆ ಮಾತ್ರ ಅವರು ಮನೆಯಲ್ಲಿ ಸಿಗುತ್ತಾರೆಂಬುದೂ ಆಗಲೇ ತಿಳಿದದ್ದು.

ಶೀರ್ಷಿಕೆ ಮಾರ್ಗದರ್ಶಕರು ಹೇಳಿದಂತೆ ತಾನಾಗಿ ಬಂತು: ‘ಶುದ್ಧ ನೀರಿನ ಘಟಕವಿರುವ ಹಳ್ಳಿಗಳಲ್ಲಿ ಅಡುಗೆಯ ನೀರಿನ ಮೂಲಕ ಸೇರುವ ಫ್ಲೋರೈಡ್’. ಮತ್ತೆ ಬಿಳಿ ಹಾಳೆ, ಮತ್ತೆ ಲೆಕ್ಕ. ಮೂರು ಊರು, ಊರಿಗೆ ಹತ್ತರಂತೆ ಮೂವತ್ತು ಮನೆ, ಮನೆಗೆ ಕುಡಿಯುವ ನೀರಿನದೊಂದು, ಅಡುಗೆಯ ನೀರಿನದೊಂದು ಎಂದು ಅರವತ್ತು ಬಾಟಲಿ, ಊರಿಗೆರಡು ಮೂಲಗಳಂತೆ ಆರು ಬಾಟಲಿ, ಒಟ್ಟು ಅರವತ್ತಾರು. ಮೂರು ಸಲ ಅಳೆದರೆ 198. ಈ ಸಲ ಅವರು ಹಾಳೆಯ ಕೆಳಗೆ ಸಹಿ ಹಾಕಿದರು. ಊರುಗಳನ್ನು ಆರಿಸುವಾಗ ಇನ್ನೊಂದು ವಿಷಯವನ್ನು ನೋಡಬೇಕಾಯಿತು. ತುಂಗಭದ್ರೆಯ ನೀರಿನಿಂದ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯಿದೆ. ಕೆರೆಗೆ ನೀರು ಬಂದರೆ ಸುತ್ತಲ ಬೋರುಗಳ ನೀರಿನ ಗುಣವೂ ಬದಲಾಗಬಹುದು. ಆದ್ದರಿಂದ ಒಂದು ಊರು ಕೆರೆಯಂಚಿನದು, ಎರಡು ಕೆರೆಯಿಂದ ದೂರದವು ಆಗಿರುವಂತೆ ನೋಡಿಕೊಂಡೆ.

ಇನ್ನು ಹಲ್ಲುಗಳ ವಿಷಯ. ಮಕ್ಕಳ ಹಲ್ಲಿನ ಗೆರೆಗಳನ್ನು ಡೀನ್ ಸೂಚ್ಯಂಕದ ಪ್ರಕಾರ, ಅಂದರೆ ಸಹಜ ಸ್ಥಿತಿಯಿಂದ ತೀವ್ರ ಸ್ಥಿತಿಯವರೆಗಿನ ಆರು ದರ್ಜೆಗಳಲ್ಲಿ ಗುರುತಿಸಬೇಕೆಂದು ನನ್ನ ಮೊದಲ ಯೋಜನೆಯಲ್ಲಿ ಬರೆದಿದ್ದೆ. ಪ್ರಾಯೋಗಿಕ ಭೇಟಿಯ ದಿನ ಒಂದು ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಕೈಯಲ್ಲಿದ್ದ ಚಿತ್ರಗಳ ಹಾಳೆಯನ್ನು ನೋಡಿದ ಕೂಡಲೇ ತುಟಿ ಬಿಗಿದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಅವಳಲ್ಲಿ ನನಗೆ ನನ್ನ ತಾಯಿ ಕಂಡರು. ದಂತವೈದ್ಯಳಲ್ಲದ, ಆ ದರ್ಜೆಗಳನ್ನು ಗುರುತಿಸುವ ತರಬೇತಿಯಿಲ್ಲದ ನಾನು ಒಬ್ಬ ಹುಡುಗಿಯ ಬಾಯಿ ತೆರೆಸಿ ನೋಡುವುದರಿಂದ ವಿಜ್ಞಾನಕ್ಕೂ ಲಾಭವಿಲ್ಲ, ಅವಳಿಗೂ ಲಾಭವಿಲ್ಲ. ಆ ಭಾಗವನ್ನು ಪೂರ್ತಿಯಾಗಿ ಕೈಬಿಟ್ಟೆ. ಇದರಿಂದ ಪ್ರಬಂಧ ಸಣ್ಣದಾಗುತ್ತದೆಯೆಂದು ಒಬ್ಬ ಗೆಳತಿ ಎಚ್ಚರಿಸಿದಳು. ಸಣ್ಣದಾಗಲಿ ಎಂದೆ.

ಅದೇ ಮನೆಯ ಯಜಮಾನರು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದ ಮಾತು ನನ್ನ ಸಮ್ಮತಿಪತ್ರದ ರೂಪವನ್ನೇ ಬದಲಿಸಿತು. “ತಂಗೀ, ನೀರು ನೋಡು, ಬ್ಯಾಡ ಅನ್ನಲ್ಲ. ಊರ ಹೆಸರು ಮಾತ್ರ ಬರೀಬ್ಯಾಡವ್ವ. ಫ್ಲೋರೈಡ್ ಊರು ಅಂದ್ರೆ ಹೆಣ್ಣು ಕೊಡೋರು, ತರೋರು ಹಿಂದೆ ಸರೀತಾರೆ” ಎಂದರು. ನಾನು ತಯಾರಿಸಿದ್ದ ಸಮ್ಮತಿಪತ್ರದಲ್ಲಿ ವ್ಯಕ್ತಿಗಳ ಹೆಸರನ್ನು ಗೌಪ್ಯವಾಗಿಡುವ ಭರವಸೆಯಿತ್ತು, ಊರಿನ ಹೆಸರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಊರೊಂದಕ್ಕೂ ಮಾನವಿದೆಯೆಂಬುದು ನಮ್ಮ ಪಠ್ಯಗಳಲ್ಲಿ ಬರುವುದಿಲ್ಲ. ಹೊಸ ಪತ್ರದಲ್ಲಿ ಊರುಗಳು ಒಂದು, ಎರಡು, ಮೂರು ಎಂದಷ್ಟೇ ಇವೆ. ಭೂಪಟದಲ್ಲಿ ಗುರುತಿಸುವುದಿಲ್ಲವೆಂದೂ ಬರೆದೆ. ಪತ್ರವನ್ನು ಓದಲಾರದವರಿಗಾಗಿ ಅವರ ಮಾತಿಗೆ ಹತ್ತಿರವಾದ ಕನ್ನಡದಲ್ಲಿ ಅದನ್ನು ಮತ್ತೊಮ್ಮೆ ಬರೆದು, ಅಮ್ಮನ ಮುಂದೆ ಗಟ್ಟಿಯಾಗಿ ಓದಿದೆ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಅವರು ಕೈ ಎತ್ತಿದರು. ಆರು ಕಡೆ ಎತ್ತಿದರು.

ಫಲಿತಾಂಶವನ್ನು ಮನೆಯವರಿಗೆ ಹಿಂತಿರುಗಿಸುವುದು ಹೇಗೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡೆವು. ಪ್ರತಿ ಮನೆಗೂ ಅಂಗೈಯಗಲದ ಒಂದು ಕಾರ್ಡು. ಅದರಲ್ಲಿ ಅವರ ಕುಡಿಯುವ ನೀರಿನ ಅಂಕಿ, ಮುದ್ದೆಯ ನೀರಿನ ಅಂಕಿ, ಪಕ್ಕದಲ್ಲಿ 1 ಮತ್ತು 1.5 ಎಂಬ ಮಿತಿಗಳು, ಕೆಳಗೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬ ಒಂದು ಸಾಲು. ಕ್ಯಾನಿಗೆ ಕೊಡುವ ದುಡ್ಡು ಹೆಚ್ಚಾಗುತ್ತದೆಂದು ಬಲ್ಲವರಿಗೆ ‘ಎಲ್ಲ ಅಡುಗೆಗೂ ಫಿಲ್ಟರ್ ನೀರನ್ನೇ ಬಳಸಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಒಗ್ಗಲಿಲ್ಲ. ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕೂ ಸಾಲದಿದ್ದರೆ ಮೊದಲು ಮುದ್ದೆಗೆ, ಅನ್ನಕ್ಕೆ ಫಿಲ್ಟರ್ ನೀರನ್ನು ಹಾಕಿ ಎಂದು ಬರೆಯುವುದೆಂದು ಮಾರ್ಗದರ್ಶಕರೂ ನಾನೂ ಒಪ್ಪಿಕೊಂಡೆವು.

ಯುಗಾದಿ ಮುಗಿದು ಮೂರನೆಯ ದಿನ, ಅರವತ್ತಾರು ಬಾಟಲಿಗಳನ್ನು ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಅಳತೆಯ ಜಗ್ಗು, ಮಾರ್ಕರುಗಳು, ನಮೂನೆ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ದಾವಣಗೆರೆಯಿಂದ ಸಂಜೆಯ ಬಸ್ಸು ಹತ್ತಿದೆ. ಬೆಳಿಗ್ಗೆ ಆರೂವರೆಗೆ ಮೊದಲ ಊರಿನ ಮೊದಲ ಮನೆಯ ಬಾಗಿಲಲ್ಲಿ ನಿಂತಾಗ ಆ ಮನೆಯ ಅಕ್ಕ ಒಲೆಯ ಮೇಲೆ ಎಸರಿಡಲು ಸಿದ್ಧರಾಗಿದ್ದರು. ಪತ್ರವನ್ನು ಓದಿ ಹೇಳಿದೆ, ಕೇಳಿಸಿಕೊಂಡು ಹೆಬ್ಬೆಟ್ಟು ಒತ್ತಿದರು. “ಯಾವ ನೀರು ಮೊದಲು ಹಿಡೀತೀಯವ್ವ?” ಎಂದು ಕೇಳಿದರು. ಬಾಟಲಿಯನ್ನು ಆ ನೀರಿನಲ್ಲೇ ಮೂರು ಸಲ ತೊಳೆದು, ಮುದ್ದೆಯ ಹಂಡೆಯ ಮುಂದೆ ಕುಳಿತೆ.